ಚಿತ್ರವಿದೆ, ದನಿ ಎಲ್ಲಿ?

1930ರ ಆಸುಪಾಸಿನಲ್ಲಿ ಶಿವರಾಮ ಕಾರಂತರು ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರಗಳನ್ನು ತೆಗೆದಿದ್ದರೆಂಬುದು ಇಂದು ಹಲವರಿಗೆ ತಿಳಿದಿರಲಾರದು. 1934ರಲ್ಲಿ ‘ಸತಿ ಸುಲೋಚನ’ ತೆರೆಗೆ ಬಂದಿತು. ಕನ್ನಡ ಚಿತ್ರಕ್ಕೆ ಮಾತು ಬಂದಿತು. ಅಲ್ಲಿಗೆ ಮೂಕಿಯ ಕಾಲ ಮುಗಿಯಿತೆಂದೇ ನಾವೆಲ್ಲ ನಂಬಿಕೊಂಡಿದ್ದೇವೆ. ಆದರೆ ಕಳೆದ ವರ್ಷ ಕಾಪುವಿನ ಒಂದು ಮನೆಯ ಚಾವಡಿಯಲ್ಲಿ ಆ ಮೂಕಿಯ ಕಾಲ ಮರಳಿ ಬಂದುದನ್ನು ನಾನು ಕಣ್ಣಾರೆ ಕಂಡೆ. ಕಂಪ್ಯೂಟರಿನ ತೆರೆಯ ಮೇಲೆ ಒಬ್ಬ ವೃದ್ಧರು ಕುಳಿತಿದ್ದರು. ಅವರ ಕೈ ಆಡುತ್ತಿತ್ತು, ಹುಬ್ಬು ಏರುತ್ತಿತ್ತು, ತುಟಿ ಚಲಿಸುತ್ತಿತ್ತು. ಮಾತು ಮಾತ್ರ ಇರಲಿಲ್ಲ.

ಆ ವೃದ್ಧರು ನನ್ನ ಸ್ನೇಹಿತರ ತಂದೆ. ವೃತ್ತಿಯಿಂದ ಪೋಸ್ಟ್ ಮಾಸ್ತರರು, ಪ್ರವೃತ್ತಿಯಿಂದ ತಾಳಮದ್ದಳೆಯ ಅರ್ಥಧಾರಿಗಳು. ಅವರು ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ವರ್ಷಾಂತಿಕದ ಸಂಜೆ ನೆಂಟರಿಷ್ಟರ ಮುಂದೆ ಇಪ್ಪತ್ತು ನಿಮಿಷಗಳ ಒಂದು ಚಿತ್ರವನ್ನು ತೋರಿಸಬೇಕೆಂದು ಸ್ನೇಹಿತರ ಆಸೆ. ಅಕ್ಕನ ಮಗ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಜೋಡಿಸುವ ಕೆಲಸವನ್ನು ಅವನು ವಹಿಸಿಕೊಂಡಿದ್ದ. ಇನ್ನು ಎಂಟೇ ದಿನ ಉಳಿದಿರುವಾಗ ಸ್ನೇಹಿತರಿಂದ ನನಗೆ ಕರೆ ಬಂದಿತು: “ಮಾಸ್ಟ್ರೇ, ಚಿತ್ರ ಉಂಟು, ದನಿ ಇಲ್ಲ. ಒಮ್ಮೆ ಬಂದು ಹೋಗಿ ಮಾರಾಯ್ರೆ.”

ಕನ್ನಡ ಪಾಠ ಹೇಳುವವನಿಗೂ ಈ ವಿದ್ಯೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಅಧ್ಯಯನದ ನೆಪದಲ್ಲಿ ಕೆಲವು ವರ್ಷಗಳಿಂದ ತಾಳಮದ್ದಳೆಗಳನ್ನು ಮುದ್ರಿಸಿಕೊಳ್ಳುತ್ತಿರುವವನು ನಾನು. ಈ ಯಂತ್ರಗಳಿಗೆ ಬೇಕಾದಷ್ಟು ದಂಡ ತೆತ್ತು ಒಂದಿಷ್ಟು ಕಲಿತಿದ್ದೇನೆ, ಅಷ್ಟೆ. ಆ ಎಂಟು ದಿನಗಳಲ್ಲಿ ನಾವು ಪಟ್ಟ ಪಾಡು ಇಂದು ಮನೆಮನೆಯ ಪಾಡು. ಮದುವೆ, ಉಪನಯನ, ಅಜ್ಜಿಯ ಹಾಡು, ಅಜ್ಜನ ಮಾತು ಎಲ್ಲವನ್ನೂ ಫೋನಿನಲ್ಲಿ ಹಿಡಿದು ಮನೆಯಲ್ಲಿಯೇ ಜೋಡಿಸುವ ಕಾಲವಿದು. ಆದುದರಿಂದ ನಮ್ಮ ಅನುಭವ ಇತರರಿಗೂ ಉಪಯೋಗವಾದೀತೆಂಬ ಭರವಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮಾತೇ ಮೂಲಪ್ರತಿ

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯವನ್ನು ಹಾಡುತ್ತಾರೆ. ಪಂಚೆ ಉಟ್ಟು ಶಾಲು ಹೊದೆದು ಕುಳಿತ ಅರ್ಥಧಾರಿಗಳು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಪದ್ಯಗಳಿರುವ ಪ್ರಸಂಗ ಪುಸ್ತಕದಲ್ಲಿದೆ; ಅರ್ಥ ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಆ ಕ್ಷಣದಲ್ಲಿ, ಎದುರಾಳಿಯ ಮಾತಿಗೆ ಮಾತಾಗಿ ಹುಟ್ಟುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ಮೊದಲಾದ ಮಹನೀಯರ ಅರ್ಥದಲ್ಲಿ ಇಂದು ನಮಗೆ ದಕ್ಕಿರುವುದು ಕ್ಯಾಸೆಟ್ಟುಗಳಲ್ಲಿಯೂ ಧ್ವನಿಮುದ್ರಿಕೆಗಳಲ್ಲಿಯೂ ಉಳಿದಷ್ಟೇ. ಕಾವ್ಯಕ್ಕೆ ಓಲೆಗರಿ ಹೇಗೋ ಅರ್ಥಕ್ಕೆ ದನಿ ಹಾಗೆ. ಅದೇ ಅದರ ಮೂಲಪ್ರತಿ.

ಉಡುಪಿಯ ಸುತ್ತಮುತ್ತಲಿನ ವಿದ್ವಾಂಸರು ಇದನ್ನು ಬಲ್ಲವರೇ. ಕು. ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ ಎಂ.ಜಿ.ಎಂ. ಕಾಲೇಜಿನಲ್ಲಿ ರೂಪುಗೊಂಡ ಜಾನಪದ ರಂಗಕಲೆಗಳ ಕೇಂದ್ರವು ಕರಾವಳಿಯ ಕಲೆಗಳನ್ನು ಧ್ವನಿಯಲ್ಲಿಯೂ ಚಿತ್ರದಲ್ಲಿಯೂ ದಾಖಲಿಸುವ ಕೆಲಸವನ್ನು ಕೈಗೊಂಡಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮವರಾದ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ಉಜಿರೆಯ ಸಮೀಪದ ಮಾಚಾರಿನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ‘ಸಿರಿ’ ಮಹಾಕಾವ್ಯವನ್ನು ಮುದ್ರಿಸಿಕೊಂಡರು. 1998ರಲ್ಲಿ ಅದು ಗ್ರಂಥರೂಪದಲ್ಲಿ ಬಂದಾಗ 15,683 ಸಾಲುಗಳಾದುವು. ಅಷ್ಟು ಸಾಲುಗಳೂ ಮೊದಲು ಇದ್ದುದು ಒಬ್ಬರ ಕಂಠದಲ್ಲಿ, ಬಳಿಕ ಟೇಪಿನಲ್ಲಿ, ಕಾಗದಕ್ಕೆ ಇಳಿದುದು ಕೊನೆಯಲ್ಲಿ. ಟೇಪು ಕೆಟ್ಟಿದ್ದರೆ ಆ ದಿನಗಳ ಹಾಡುಗಾರಿಕೆ ಆ ರೂಪದಲ್ಲಿ ಮರಳಿ ಬರುತ್ತಿರಲಿಲ್ಲ.

ಗ್ರಂಥಕ್ಕೆ ಮಾಡುವುದೂ ಸಂಪಾದನೆ, ಚಿತ್ರಕ್ಕೆ ಮಾಡುವುದೂ ಸಂಪಾದನೆ. ಗ್ರಂಥಸಂಪಾದಕನ ಮೊದಲ ನಿಯಮ ಮೂಲಪ್ರತಿಯ ಮೇಲೆ ಕೈ ಮಾಡಬಾರದೆಂಬುದು. ಮನೆಯಲ್ಲಿ ಚಿತ್ರ ಜೋಡಿಸುವವನಿಗೂ ಅದೇ ನಿಯಮ. ಇದನ್ನು ಪಾಲಿಸಿದಲ್ಲಿ ನಾವು ಗೆದ್ದೆವು. ಪಾಲಿಸದೆ ಇದ್ದಲ್ಲಿ ಸೋತೆವು.

ಪಟ್ಟಿ ಬಂದಿತು, ಪದಾರ್ಥ ಬರಲಿಲ್ಲ

ಮೊದಲ ದಿನ ಹುಡುಗನು ತನ್ನ ಚಿತ್ರವನ್ನು ಮಾವನ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ನಾನು ಮೇಲೆ ಹೇಳಿದ ಮೂಕಿ ದೃಶ್ಯ ಅದೇ. ಅವನು ಬಗೆಬಗೆಯ ಗುಂಡಿಗಳನ್ನು ಒತ್ತಿ ಸೋತಿದ್ದ. ಇಂಥಲ್ಲಿ ಕಂಡ ಗುಂಡಿಯನ್ನೆಲ್ಲ ಒತ್ತುವುದು ಮದ್ದಲ್ಲ. ವೈದ್ಯನು ನಾಡಿ ನೋಡುವಂತೆ ಕ್ರಮವಾಗಿ ನೋಡಬೇಕು. ಮೊದಲ ಪ್ರಶ್ನೆ: ಮೂಲ ಫೈಲು ತಾನಾಗಿ ಮಾತನಾಡುತ್ತದೆಯೆ? ವಿಎಲ್‌ಸಿ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಒಂದೇ ಆಗಿ ಹಾಕಿ ನೋಡಬೇಕು. ಅಲ್ಲಿ ದನಿ ಬಂದರೆ ಫೈಲಿಗೆ ರೋಗವಿಲ್ಲ; ದೋಷ ಸಂಪಾದನೆಯ ತಂತ್ರಾಂಶದಲ್ಲಿದೆ. ಎರಡನೆಯ ಪ್ರಶ್ನೆ: ಸಂಪಾದನೆಯ ಪಟ್ಟಿಯಲ್ಲಿ ಧ್ವನಿಯ ಅಲೆಗೆರೆ ಕಾಣುತ್ತದೆಯೆ? ಗೆರೆ ಏರಿಳಿಯುತ್ತಿದ್ದೂ ದನಿ ಕೇಳದಿದ್ದರೆ ಆ ಪಟ್ಟಿಯ ಬಾಯಿಯನ್ನು ಯಾರೋ ಮುಚ್ಚಿದ್ದಾರೆ, ಇಲ್ಲವೆ ದನಿ ಬೇರೆಲ್ಲಿಗೋ ಹೋಗುತ್ತಿದೆ. ಗೆರೆಯೇ ಇಲ್ಲದಿದ್ದರೆ ತಂತ್ರಾಂಶಕ್ಕೆ ಧ್ವನಿ ದೊರೆತೇ ಇಲ್ಲ.

ನಮ್ಮಲ್ಲಿ ಗೆರೆಯೇ ಇರಲಿಲ್ಲ. ಕಾರಣ ಸರಳವಾಗಿತ್ತು. ಹುಡುಗನು ಮಣಿಪಾಲದ ಹಾಸ್ಟೆಲಿನಲ್ಲಿ ಜೋಡಿಸಿದ ‘ಪ್ರಾಜೆಕ್ಟ್’ ಫೈಲನ್ನೂ ಚಿತ್ರಗಳನ್ನೂ ಪೆನ್‌ಡ್ರೈವಿನಲ್ಲಿ ತಂದಿದ್ದ. ಧ್ವನಿಯ ಫೈಲುಗಳು ಮಾತ್ರ ಅವನ ಲ್ಯಾಪ್‌ಟಾಪಿನ ಬೇರೊಂದು ಮೂಲೆಯಲ್ಲಿ ಉಳಿದಿದ್ದುವು. ಪ್ರಾಜೆಕ್ಟ್ ಫೈಲಿನಲ್ಲಿ ಚಿತ್ರವೂ ಇರುವುದಿಲ್ಲ, ಧ್ವನಿಯೂ ಇರುವುದಿಲ್ಲ. ಯಾವುದು ಎಲ್ಲಿದೆ, ಎಷ್ಟು ಹೊತ್ತಿಗೆ ಬರಬೇಕು ಎಂಬ ಪಟ್ಟಿ ಮಾತ್ರ ಇರುತ್ತದೆ. ಅಡುಗೆಯವರು ಸಾಮಾನಿನ ಚೀಟಿಯನ್ನು ಕೊಟ್ಟರೆ ಸಾರು ಕೊಟ್ಟಂತಾಗುವುದೆ? ಹುಡುಗನು ಸ್ಕೂಟರು ಏರಿ ಉಡುಪಿಯ ಮೇಲಾಗಿ ಮಣಿಪಾಲಕ್ಕೆ ಹೋಗಿ ರಾತ್ರಿ ಹತ್ತರ ಮೇಲೆ ಮರಳಿದ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ, ‘ಇದು ಇಲ್ಲಿದೆ’ ಎಂದು ತಂತ್ರಾಂಶಕ್ಕೆ ತೋರಿಸಿದೆವು. ಕೆಲಸಕ್ಕೆ ತೊಡಗುವ ಮೊದಲೇ ಹೀಗೆ ಒಂದೆಡೆ ಸೇರಿಸಿಕೊಂಡಿದ್ದರೆ ಆ ರಾತ್ರಿಯ ಸವಾರಿ ಉಳಿಯುತ್ತಿತ್ತು.

ಈಗ ಅಲೆಗೆರೆ ಕಂಡಿತು. ಆದರೂ ದನಿ ಇಲ್ಲ! ನಾವು ಮೂವರೂ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಒಳಗಿನಿಂದ ಸ್ನೇಹಿತರ ತಾಯಿ ಗಾಬರಿಯಿಂದ ಹೊರಗೆ ಬಂದರು. ಅಡುಗೆಮನೆಯಲ್ಲಿ ಯಜಮಾನರು ವಿದುರನ ಅರ್ಥ ಹೇಳುತ್ತಿದ್ದಾರೆಂದರು. ಬೆಳಿಗ್ಗೆ ಸುಪ್ರಭಾತ ಕೇಳಲೆಂದು ಅಲ್ಲಿ ಇಟ್ಟಿದ್ದ ಬ್ಲೂಟೂತ್ ಸ್ಪೀಕರಿನೊಂದಿಗೆ ಕಂಪ್ಯೂಟರು ಯಾವಾಗಲೋ ಗೆಳೆತನ ಬೆಳೆಸಿಕೊಂಡಿತ್ತು. ನಕ್ಕೆವು, ಆದರೆ ಆ ತಾಯಿ ನಗಲಿಲ್ಲ. ವರ್ಷದ ಬಳಿಕ ಆ ದನಿ ಅವರ ಕಿವಿಗೆ ಬಿದ್ದುದು ಅದೇ ಮೊದಲು.

ಬ್ಲೂಟೂತಿಗೆ ಇನ್ನೊಂದು ದೋಷವೂ ಉಂಟು. ಅದರಲ್ಲಿ ದನಿ ತುಸು ತಡವಾಗಿ ಕಿವಿಗೆ ಮುಟ್ಟುತ್ತದೆ. ತುಟಿಗೂ ಮಾತಿಗೂ ಹೊಂದಿಕೆ ಇದೆಯೆ ಎಂದು ನೋಡುವಾಗ ತಂತಿಯ ಇಯರ್‌ಫೋನನ್ನೇ ಬಳಸಬೇಕು. ಇಲ್ಲವಾದರೆ ಇಲ್ಲದ ರೋಗಕ್ಕೆ ಮದ್ದು ಮಾಡಿದಂತಾದೀತು.

ಗ್ರಂಥ ಉಂಟು, ಲಿಪಿ ಬಾರದು

ಮರುದಿನದ ತೊಡಕು ಮಸ್ಕತಿನದು. ಸ್ನೇಹಿತರ ತಂಗಿ ಅಲ್ಲಿಂದ ವಾಟ್ಸಾಪಿನಲ್ಲಿ ತಂದೆಯ ಕುರಿತು ಎರಡು ಮಾತು ಹೇಳಿ ಕಳುಹಿಸಿದ್ದರು. ಫೋನಿನಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಸಂಪಾದನೆಯ ತಂತ್ರಾಂಶ ಮಾತ್ರ ಅದನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪದು.

ನಮ್ಮ ಮಠಗಳಲ್ಲಿಯೂ ಹಳೆಯ ಮನೆಗಳಲ್ಲಿಯೂ ತುಳು ಲಿಪಿಯ ಓಲೆಗರಿಗಳಿವೆ. ಕಟ್ಟು ಬಿಚ್ಚಲು ಯಾರಿಂದಲೂ ಸಾಧ್ಯ. ಆದರೆ ಲಿಪಿ ಬಲ್ಲವನಿಗೆ ಮಾತ್ರ ಒಳಗಿನ ಸಂಸ್ಕೃತ ಶ್ಲೋಕ ದಕ್ಕುತ್ತದೆ. ಧ್ವನಿಯ ಫೈಲೂ ಹಾಗೆಯೇ. ಹೊರಗಿನ ಹೆಸರು ಎಂಪಿ4 ಎಂದೋ ಓಗ್ ಎಂದೋ ಇರುತ್ತದೆ, ಅದು ಕಟ್ಟು. ಒಳಗೆ ಧ್ವನಿಯನ್ನು ಬರೆದಿಟ್ಟ ಕ್ರಮ ಬೇರೆ, ಅದು ಲಿಪಿ. ಇದನ್ನೇ ಕೋಡೆಕ್ ಎನ್ನುತ್ತಾರೆ. ಫೋನಿನ ವೀಡಿಯೋಗಳಲ್ಲಿ ಸಾಮಾನ್ಯವಾಗಿ ಎಎಸಿ ಲಿಪಿ. ವಾಟ್ಸಾಪಿನ ದನಿಗೆ 2012ರಲ್ಲಿ ಪ್ರಮಾಣೀಕೃತವಾದ ಓಪಸ್ ಲಿಪಿ. ಹಳೆಯ ಫೋನುಗಳಲ್ಲಿ ಎಎಂಆರ್. ಎಲ್ಲ ತಂತ್ರಾಂಶಗಳಿಗೂ ಎಲ್ಲ ಲಿಪಿಗಳೂ ಬರುವುದಿಲ್ಲ. ಡಾವಿಂಚಿ ರಿಸಾಲ್ವ್‌ನಂತಹ ದೊಡ್ಡ ಹೆಸರಿನ ತಂತ್ರಾಂಶವೇ ಲಿನಕ್ಸ್ ಯಂತ್ರದಲ್ಲಿ ಎಎಸಿಯನ್ನು ಓದದೆ ಹಲವರನ್ನು ಕಂಗೆಡಿಸಿದೆ. ಯಾವ ಫೈಲಿನಲ್ಲಿ ಯಾವ ಲಿಪಿಯಿದೆಯೆಂದು ಮೀಡಿಯಾಇನ್ಫೋ ಎಂಬ ಉಚಿತ ಸಾಧನ ಹೇಳಿಬಿಡುತ್ತದೆ.

ಮದ್ದು ಲಿಪ್ಯಂತರ. ಫೈಲಿನ ಹೆಸರಿನ ಬಾಲವನ್ನು ಮಾತ್ರ ಬದಲಿಸಿದರೆ ಆಗದು. ತುಳು ಓಲೆಯ ಮೇಲೆ ‘ಕನ್ನಡ’ ಎಂದು ಚೀಟಿ ಅಂಟಿಸಿದರೆ ಅದು ಕನ್ನಡವಾಗದು. ವಿಎಲ್‌ಸಿಯಲ್ಲಿರುವ ಪರಿವರ್ತನೆಯ ಸೌಲಭ್ಯದಿಂದ ಅದನ್ನು ವೇವ್ ಎಂಬ ರೂಪಕ್ಕೆ ತಂದೆವು. ವೇವ್‌ನಲ್ಲಿ ಧ್ವನಿಯನ್ನು ಹಿಂಡದೆ ಇದ್ದಂತೆಯೇ ಇಡುತ್ತಾರೆ. ಬಹುಮಟ್ಟಿಗೆ ಎಲ್ಲ ತಂತ್ರಾಂಶಗಳಿಗೂ ಅದು ಬರುತ್ತದೆ. ಜಾಗ ಮಾತ್ರ ಹೆಚ್ಚು ಬೇಕು. ಎರಡು ಕಿವಿಯ ಒಂದು ಗಂಟೆಯ ಧ್ವನಿಗೆ ಸುಮಾರು 690 ಮೆಗಾಬೈಟು; ಅದೇ ಸಾಧಾರಣ ಎಂಪಿ3 ಆದರೆ 58ರಷ್ಟು. ಆದರೆ ಎಂಪಿ3ಯನ್ನು ಹಿಂಡಿದುದನ್ನೇ ಮತ್ತೆ ಮತ್ತೆ ಹಿಂಡುತ್ತ ಹೋದರೆ, ಪ್ರತಿಯಿಂದ ಪ್ರತಿ ಮಾಡಿದ ಲಿಪಿಕಾರನ ತಪ್ಪುಗಳಂತೆ ದೋಷಗಳು ಕೂಡುತ್ತ ಹೋಗುತ್ತವೆ. ಕೆಲಸ ಮುಗಿಯುವವರೆಗೆ ವೇವ್. ಕೊನೆಯಲ್ಲಿ ಒಮ್ಮೆ ಮಾತ್ರ ಹಿಂಡುವುದು ಕ್ಷೇಮ.

ಇಲ್ಲಿಯೇ ಇನ್ನೊಂದು ಸಂಖ್ಯೆಯನ್ನು ನೆನಪಿಡಬೇಕು. ಧ್ವನಿಯನ್ನು ಅಂಕೆಗಳಾಗಿ ಬರೆಯುವಾಗ ಸೆಕೆಂಡಿಗೆ ಇಷ್ಟು ಸಲ ಎಂದು ಅಳೆಯುತ್ತಾರೆ. ಸಿಡಿಗಳ ಕ್ರಮ 44,100 ಸಲ. ವೀಡಿಯೋಗಳ ಕ್ರಮ 48,000 ಸಲ. ಹೊಂದಾಣಿಕೆ ಮಾಡದೆ ಮೊದಲಿನದನ್ನು ಎರಡನೆಯದೆಂದು ಓದಿದರೆ ಒಂದು ಗಂಟೆಯ ಮಾತು 55 ನಿಮಿಷ ಏಳೂವರೆ ಸೆಕೆಂಡಿಗೆ ಮುಗಿದುಹೋಗುತ್ತದೆ. ದನಿಯೂ ಏರಿ, ವಿದುರನು ಬಾಲಗೋಪಾಲನಾಗುತ್ತಾನೆ! ಎಲ್ಲ ಧ್ವನಿಯನ್ನೂ ಮೊದಲೇ 48,000ಕ್ಕೆ ತಂದಿಟ್ಟುಕೊಂಡರೆ ಈ ಗೊಂದಲವಿಲ್ಲ.

ತುಟಿ ಮುಂದೆ, ಮಾತು ಹಿಂದೆ

ಮೂರನೆಯ ತೊಡಕಿಗೆ ಕಾರ್ಕಳದ ಕಡೆಯೊಂದು ದೇವಸ್ಥಾನದ ಅಂಗಳಕ್ಕೆ ಹೋಗಬೇಕು. ಹಿರಿಯರ ಕೊನೆಯ ಕೂಟ ನಡೆದುದು ಅಲ್ಲಿ. ‘ಕೃಷ್ಣಸಂಧಾನ’ದಲ್ಲಿ ಅವರದು ವಿದುರ. ಕಾರ್ಕಳಕ್ಕೆ ಮದುವೆಯಾಗಿ ಹೋದ ಅಕ್ಕನ ಮನೆಯವರು ಅಂಗಳದ ಹಿಂಬದಿಯಲ್ಲಿ ಫೋನು ಇಟ್ಟು ಎರಡು ಗಂಟೆಗಳ ಚಿತ್ರ ತೆಗೆದಿದ್ದರು. ಭಾಗವತರ ಮುಂದೆ ಒಂದು ಚಿಕ್ಕ ಧ್ವನಿಮುದ್ರಕವನ್ನೂ ಇಟ್ಟಿದ್ದರು. ಚಿತ್ರ ಫೋನಿನದು, ಧ್ವನಿ ಮುದ್ರಕದ್ದು ಎಂದು ಹುಡುಗನು ಜೋಡಿಸಿದ್ದ. ಮೊದಲ ಪದ್ಯದಲ್ಲಿ ಎಲ್ಲವೂ ಸರಿ. ಕೊನೆಗೆ ಬರುವಷ್ಟರಲ್ಲಿ ಅಜ್ಜನ ತುಟಿ ಒಂದು ಕಡೆ, ಮಾತು ಒಂದು ಕಡೆ.

ಇದು ಹೊಸ ಸಂಕಟವಲ್ಲ. 1938ರಲ್ಲಿ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ದಕ್ಷಿಣ ಭಾರತದ ಕಲೆಗಳನ್ನು ದಾಖಲಿಸಲು ಬಂದಾಗ ಚಿತ್ರಕ್ಕೆ ಮೂಕಿ ಕೆಮೆರಾ, ಧ್ವನಿಗೆ ಬೇರೊಂದು ಯಂತ್ರ. ಎರಡೂ ಎರಡು ದಾರಿಯಲ್ಲಿ ಉಳಿದುವು. ಎರಡು ಗಡಿಯಾರಗಳು ಒಂದೇ ಹೊತ್ತನ್ನು ಹೇಳುವುದು ಕಷ್ಟ. ಎರಡು ಯಂತ್ರಗಳಿಗೂ ಅದೇ ಮಾತು.

ಇಂಥಲ್ಲಿ ಮೂರು ಕಾರಣಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಒಂದು, ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಇಪ್ಪತ್ತು ಮೀಟರು ಹಿಂದೆ ಇಟ್ಟ ಫೋನಿಗೆ ಜಾಗಟೆಯ ಪೆಟ್ಟು ಮೊದಲು ಕಾಣುತ್ತದೆ, ಸೆಕೆಂಡಿನ ನೂರರಲ್ಲಿ ಆರು ಪಾಲು ಕಳೆದು ಕೇಳುತ್ತದೆ. ಈ ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರುವುದರಿಂದ ಒಮ್ಮೆ ಸರಿಸಿದರೆ ಮುಗಿಯಿತು. ನಿಸರ್ಗದಲ್ಲಿ ದನಿ ಯಾವಾಗಲೂ ನೋಟದ ಹಿಂದೆ ಬರುವುದರಿಂದ ನಮ್ಮ ಮನಸ್ಸು ಹಿಂದಾದುದನ್ನು ಕ್ಷಮಿಸುತ್ತದೆ, ಮುಂದಾದುದನ್ನು ಕ್ಷಮಿಸದು. ದನಿ ಸೆಕೆಂಡಿನ ಸಾವಿರದಲ್ಲಿ 45 ಪಾಲು ಮುಂದಾದರೆ ತಿಳಿಯುತ್ತದೆ. ಹಿಂದಾದರೆ 125 ಪಾಲಿನವರೆಗೂ ತಿಳಿಯದೆಂದು ಪ್ರಸಾರ ತಂತ್ರಜ್ಞರ ಅಂತರರಾಷ್ಟ್ರೀಯ ಶಿಫಾರಸು ಹೇಳುತ್ತದೆ.

ಎರಡು, ಗಡಿಯಾರ. ಫೋನು, ಮುದ್ರಕಗಳ ಒಳಗಿನ ಹರಳುಗಳ ನಡೆ ಹತ್ತು ಲಕ್ಷಕ್ಕೆ ಐವತ್ತರಷ್ಟು ಭಿನ್ನವಾಗಿದ್ದರೂ ಎರಡು ಗಂಟೆಗಳಲ್ಲಿ ಸೆಕೆಂಡಿನ ಮೂರರಲ್ಲೊಂದಕ್ಕಿಂತ ತುಸು ಹೆಚ್ಚು ವ್ಯತ್ಯಾಸವಾಗುತ್ತದೆ. ಮೂರು, ಬೆಳಕು. ಫೋನು ಸೆಕೆಂಡಿಗೆ 30 ಚಿತ್ರವೆಂದು ಹೇಳಿಕೊಂಡರೂ ಮಬ್ಬು ಬೆಳಕಿನಲ್ಲಿ ತಾನಾಗಿಯೇ ಅದನ್ನು ತಗ್ಗಿಸುತ್ತದೆ. ರಾತ್ರಿಯ ಅಂಗಳದಲ್ಲಿ ಇದು ಆಗಿಯೇ ಆಗುತ್ತದೆ. ಸಂಪಾದನೆಯ ತಂತ್ರಾಂಶ ಮಾತ್ರ 30 ಎಂದೇ ಎಣಿಸಿ ದಾರಿ ತಪ್ಪುತ್ತದೆ.

ಇವನ್ನು ಗುರುತಿಸುವ ಬಗೆ ಇಷ್ಟೆ. ಫೋನಿನ ಚಿತ್ರವನ್ನು ಅದರದೇ ಧ್ವನಿಯೊಂದಿಗೆ ವಿಎಲ್‌ಸಿಯಲ್ಲಿ ನೋಡಿದಾಗ ಸರಿಯಿದ್ದು, ಸಂಪಾದನೆಯಲ್ಲಿ ತಪ್ಪಿದರೆ ದೋಷ ಬೆಳಕಿನದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರದ ಗತಿಯನ್ನು ಸ್ಥಿರಗೊಳಿಸಿ ತೆಗೆದುಕೊಳ್ಳಬೇಕು. ಅಲ್ಲಿಯೂ ಸರಿಯಿದ್ದು, ಮುದ್ರಕದ ಧ್ವನಿ ಮಾತ್ರ ಜಾರಿದರೆ ದೋಷ ಗಡಿಯಾರದ್ದು. ನಮ್ಮಲ್ಲಿ ಎರಡೂ ಇದ್ದುವು. ಚಿತ್ರದ ಗತಿಯನ್ನು ಮೊದಲು ಸರಿಪಡಿಸಿದೆವು. ಬಳಿಕ ಭಾಗವತರ ಜಾಗಟೆಯ ಮೊದಲ ಪೆಟ್ಟನ್ನು ಗುರುತಾಗಿಟ್ಟು ಹೊಂದಿಸಿದೆವು. ಮುಂದೆ ಒಂದೊಂದು ಪದ್ಯ ಮುಗಿದು ಅರ್ಥ ತೊಡಗುವ ಮೌನದಲ್ಲಿ ಧ್ವನಿಯನ್ನು ಕತ್ತರಿಸಿ ಕೂದಲೆಳೆಯಷ್ಟು ಸರಿಸಿದೆವು. ತಾಳಮದ್ದಳೆಯಲ್ಲಿ ಅಂಥ ಮೌನಗಳಿಗೆ ಬರವಿಲ್ಲ. ಕೇಳುವವರಿಗೆ ಕತ್ತರಿಯ ಗುರುತೂ ತಿಳಿಯದು.

ಇಡಿಯ ರಾತ್ರಿಯ ಆಟವನ್ನು ಮುದ್ರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಸಾಧಾರಣ ವೇವ್ ಫೈಲು 4 ಗಿಗಾಬೈಟಿಗಿಂತ ಹೆಚ್ಚು ಬೆಳೆಯಲಾರದು. ಎರಡು ಕಿವಿಯ ಧ್ವನಿಗೆ ಅದು ಸುಮಾರು ಆರು ಗಂಟೆ ಹನ್ನೆರಡು ನಿಮಿಷ. ಹಲವು ಮುದ್ರಕಗಳು ಅಲ್ಲಿಗೆ ಕತ್ತರಿಸಿ ಹೊಸ ಫೈಲನ್ನು ತೊಡಗುತ್ತವೆ. ಬೆಳಗಿನ ಜಾವದ ಭಾಗ ಕಳೆದುಹೋಯಿತೆಂದು ಮರುಗುವ ಮೊದಲು ಎರಡನೆಯ ಫೈಲನ್ನು ಹುಡುಕಬೇಕು.

“ಅವರ ಕೆಮ್ಮು ಎಲ್ಲಿ?”

ಐದನೆಯ ದಿನ ಹುಡುಗನಿಗೆ ಹುರುಪು ಬಂದಿತ್ತು. ಹಿರಿಯರು ಬಾಲ್ಯದ ನೆನಪುಗಳನ್ನು ಹೇಳಿದ ಒಂದು ತುಣುಕು ಕಾಪುವಿನ ಕಡಲ ದಂಡೆಯಲ್ಲಿ ತೆಗೆದುದು; ಹಿಂದೆ 1901ರ ದೀಪಸ್ತಂಭ ಕಾಣುತ್ತದೆ, ಮುಂದೆ ಗಾಳಿ ಮೊರೆಯುತ್ತದೆ. ಉಚಿತವಾಗಿ ದೊರೆಯುವ ಆಡಾಸಿಟಿಯಲ್ಲಿ 80–100 ಹರ್ಟ್ಸಿಗಿಂತ ಕೆಳಗಿನ ಗುಡುಗನ್ನು ಕತ್ತರಿಸಿದ. ಕೂಟದ ಧ್ವನಿಯಲ್ಲಿ ವಿದ್ಯುತ್ತಿನ ‘ಗುಂಯ್’ ಎಂಬ ನಾದವಿತ್ತು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸಿನದಾದುದರಿಂದ 50, 100 ಈ ಸ್ಥಾನಗಳನ್ನು ಮಾತ್ರ ಒತ್ತಿ ಅದನ್ನು ಅಡಗಿಸಿದ. ಇಷ್ಟು ಸರಿ. ಆದರೆ ಅಷ್ಟಕ್ಕೆ ನಿಲ್ಲದೆ ಸದ್ದು ತೆಗೆಯುವ ಉಪಕರಣವನ್ನು ಬಲವಾಗಿ ಹೊಡೆದ. ಅಜ್ಜನು ನೀರಿನೊಳಗೆ ಕುಳಿತು ಮಾತನಾಡಿದಂತಾಯಿತು. ಜೊತೆಗೆ ಅಲ್ಲಲ್ಲಿ ಇದ್ದ ಕೆಮ್ಮನ್ನೂ ಗಂಟಲು ಸರಿಪಡಿಸಿಕೊಳ್ಳುವ ಸದ್ದನ್ನೂ ಕತ್ತರಿಸಿದ್ದ.

ತಾಯಿಯನ್ನು ಕರೆದು ಕೇಳಿಸಿದೆವು. ಅವರು ಕೊನೆಯವರೆಗೆ ಸುಮ್ಮನಿದ್ದು, “ಎಲ್ಲ ಚಂದ ಉಂಟು ಮಗಾ. ಅಜ್ಜನ ಕೆಮ್ಮು ಎಲ್ಲಿ? ಅರ್ಥ ಶುರುಮಾಡುವ ಮೊದಲು ಅವರು ಒಮ್ಮೆ ಕೆಮ್ಮದೆ ಇದ್ದದ್ದೇ ಇಲ್ಲ,” ಎಂದರು.

ಹುಡುಗನ ಮುಖ ಸಪ್ಪಗಾಯಿತು. ಆದರೆ ಅವನು ಕತ್ತರಿಸಿದುದು ಪ್ರತಿಯನ್ನು. ಮೂಲ ಬೇರೆ ಫೋಲ್ಡರಿನಲ್ಲಿ ಭದ್ರವಾಗಿತ್ತು. ಅರ್ಧ ಗಂಟೆಯಲ್ಲಿ ಕೆಮ್ಮು ಮರಳಿ ಬಂದಿತು.

ಮಸ್ಕತಿನಲ್ಲಿ ಮೌನ

ಏಳನೆಯ ದಿನ ಚಿತ್ರ ಸಿದ್ಧವಾಯಿತು. ತಂಗಿಗೆ ಕಳುಹಿಸಿದೆವು. ಹತ್ತು ನಿಮಿಷದಲ್ಲಿ ಅವರಿಂದ ಕರೆ ಬಂದಿತು: “ಅಣ್ಣಾ, ಎಲ್ಲ ಕೇಳ್ತದೆ. ಹಳೆಯ ಕ್ಯಾಸೆಟ್ಟಿನ ಭಾಗದಲ್ಲಿ ಅಪ್ಪನ ಮಾತೇ ಇಲ್ಲ!” ಇಲ್ಲಿ ಎರಡು ಸ್ಪೀಕರುಗಳಲ್ಲಿ ಅದು ಗಟ್ಟಿಯಾಗಿ ಕೇಳುತ್ತಿದೆ, ಅಲ್ಲಿ ಫೋನಿನಲ್ಲಿ ಮೌನ. ಇದೆಂತಹ ಮಾಯೆ?

ಆ ಕ್ಯಾಸೆಟ್ಟುಗಳು 1980ರ ದಶಕದವು. ಹಿರಿಯರ ಕಂಠ ಕಂಚಿನಂತಿದ್ದ ಕಾಲದ ಕೂಟ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಅವನ್ನು ಎಂಪಿ3ಗೆ ಇಳಿಸಲಾಗಿತ್ತು. ತಂತಿಯ ಜೋಡಣೆ ತಪ್ಪಿದರೆ ಒಂದೇ ಧ್ವನಿ ಎಡಗಿವಿಗೆ ನೇರವಾಗಿಯೂ ಬಲಗಿವಿಗೆ ತಲೆಕೆಳಗಾಗಿಯೂ ದಾಖಲಾಗುವುದುಂಟು. ಎಡದ ಅಲೆ ಏರಿದಾಗ ಬಲದ ಅಲೆ ಅಷ್ಟೇ ಇಳಿಯುತ್ತದೆ. ಎರಡು ಸ್ಪೀಕರುಗಳಲ್ಲಿ ಇದು ತುಸು ಟೊಳ್ಳಾಗಿ ಕೇಳಿದರೂ ಕೇಳುತ್ತದೆ. ಆದರೆ ಎರಡನ್ನೂ ಕೂಡಿಸಿ ಒಂದೇ ಸ್ಪೀಕರಿನಲ್ಲಿ ನುಡಿಸುವ ಫೋನಿನಲ್ಲಿ ಐದರಿಂದ ಐದನ್ನು ಕಳೆದಂತೆ ಶೂನ್ಯ ಉಳಿಯುತ್ತದೆ. ಬಲಗಿವಿಯನ್ನು ಅಳಿಸಿ, ಎಡಗಿವಿಯದನ್ನೇ ಎರಡಕ್ಕೂ ಕೊಟ್ಟೆವು. ಮಸ್ಕತಿನಿಂದ ಮತ್ತೆ ಕರೆ ಬಂದಿತು. ಈ ಸಲ ಅಲ್ಲಿಂದ ಮಾತು ಹೊರಡಲು ತುಸು ಹೊತ್ತು ಹಿಡಿಯಿತು. ಚಿತ್ರವನ್ನು ಎಲ್ಲರಿಗೂ ಕಳುಹಿಸುವ ಮೊದಲು ಒಂದು ಸಾಧಾರಣ ಫೋನಿನಲ್ಲಿ ಪೂರ್ತಿಯಾಗಿ ಕೇಳಿ ನೋಡಬೇಕೆಂಬ ಪಾಠ ನಮಗೆ ಹೀಗೆ ಬಂದಿತು.

ತ್ರುಟಿತ

ಒಂದು ದೋಷ ಮಾತ್ರ ಉಳಿಯಿತು. ಮೂರನೆಯ ಕ್ಯಾಸೆಟ್ಟನ್ನು ಇಳಿಸುವಾಗ ಧ್ವನಿಯ ಮಟ್ಟವನ್ನು ಮಿತಿಮೀರಿ ಏರಿಸಿದ್ದರು. ಕೌರವನ ಮಾತಿನಿಂದ ಕೆರಳಿ ವಿದುರನು ಬಿಲ್ಲನ್ನು ಮುರಿಯುವ ಸನ್ನಿವೇಶ. ಹಿರಿಯರ ದನಿ ಏರಿದಲ್ಲೆಲ್ಲ ಅಲೆಯ ತಲೆ ಕೊಡಲಿಯಿಂದ ಕತ್ತರಿಸಿದಂತೆ ಚಪ್ಪಟೆಯಾಗಿದೆ. ಮಾತು ಮಾತಾಗಿರದೆ ಬರಿಯ ಕರಕರ ಸದ್ದು. ತಗ್ಗಿದ ದನಿಯನ್ನು ಎತ್ತಬಹುದು. ಹೀಗೆ ಕತ್ತರಿಸಿ ಹೋದುದನ್ನು ಮರಳಿ ತರುವ ನಿಜವಾದ ಉಪಾಯವಿಲ್ಲ. ಅಲೆಯ ತುದಿ ಮಿತಿಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ಇರುವಂತೆ ಇಳಿಸಿದ್ದರೆ ಈ ಸಂಕಟವಿರುತ್ತಿರಲಿಲ್ಲ.

“ಕ್ಯಾಸೆಟ್ಟು ಎಲ್ಲಿ? ಮತ್ತೊಮ್ಮೆ ಇಳಿಸೋಣ,” ಎಂದೆ. ಸ್ನೇಹಿತರು ತಲೆ ತಗ್ಗಿಸಿದರು. ಕಂಪ್ಯೂಟರಿಗೆ ಬಂದಾಯಿತಲ್ಲ ಎಂದು, ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಮೂರನ್ನೂ ಹಳೆಯ ಸಾಮಾನಿನೊಂದಿಗೆ ಕೊಟ್ಟುಬಿಟ್ಟಿದ್ದರು.

ಹುಡುಗನು ತಗ್ಗಿದ ದನಿಯಲ್ಲಿ ಹೇಳಿದ: “ಸರ್, ಅಜ್ಜನ ದನಿಯ ಮಾದರಿ ನಮ್ಮಲ್ಲಿ ಬೇಕಾದಷ್ಟಿದೆ. ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಅದೇ ದನಿಯಲ್ಲಿ ಆ ನಾಲ್ಕು ವಾಕ್ಯಗಳನ್ನು ಹೇಳಿಸುತ್ತದೆ. ವಾಕ್ಯಗಳನ್ನು ನೀವು ಬರೆದು ಕೊಡಬಹುದು.” ಸಾಧ್ಯವಿರುವ ಮಾತೇ. ನಾನು ಒಂದು ಗಳಿಗೆ ಮರುಳಾದೆನೆಂದೂ ಒಪ್ಪಿಕೊಳ್ಳಬೇಕು; ವಿದುರನಿಗೆ ಏನು ಹೇಳಿಸಬೇಕೆಂದು ಮನಸ್ಸಿನಲ್ಲಿಯೇ ಹೊಸೆಯತೊಡಗಿದ್ದೆ. ಸ್ನೇಹಿತರು ಬೇಡವೆಂದರು. “ಅದು ಪ್ರಸಂಗದ ಪದ್ಯವಾಗಿದ್ದರೆ ಯಾರು ಹಾಡಿದರೂ ಅದೇ ಪದ್ಯ. ಇದು ಅರ್ಥ ಮಾಸ್ಟ್ರೇ. ಅಪ್ಪ ಆಡದ ಮಾತನ್ನು ಅಪ್ಪನ ಬಾಯಲ್ಲಿ ಇಡುವುದು ಬೇಡ.”

ಅವರು ಹೇಳಿದುದೇ ಗ್ರಂಥಸಂಪಾದನೆಯ ಧರ್ಮ. ಓಲೆಯಲ್ಲಿ ಹುಳ ತಿಂದ ಕಡೆ ಸಂಪಾದಕನು ತಾನು ಪದ್ಯ ಕಟ್ಟುವುದಿಲ್ಲ. ‘ಇಲ್ಲಿ ತ್ರುಟಿತ’ ಎಂದು ಗುರುತು ಹಾಕಿ ಮುಂದೆ ಸಾಗುತ್ತಾನೆ. ನಾವೂ ಹಾಗೆಯೇ ಮಾಡಿದೆವು. ಆ ಭಾಗದಲ್ಲಿ ಹಿರಿಯರ ಒಂದು ಹಳೆಯ ಭಾವಚಿತ್ರವನ್ನು ಇಟ್ಟು, ಒಡೆದ ದನಿಯನ್ನು ಒಡೆದಂತೆಯೇ ಬಿಟ್ಟು, ಕೆಳಗೆ ‘ಈ ಭಾಗದ ಧ್ವನಿಮುದ್ರಣ ಕೆಟ್ಟಿದೆ’ ಎಂದು ಬರೆದೆವು.

ವರ್ಷಾಂತಿಕದ ಸಂಜೆ ಚಾವಡಿ ತುಂಬಿತ್ತು. ಚಿತ್ರ ಆ ಒಡೆದ ಭಾಗಕ್ಕೆ ಬಂದಾಗ ಯಾರೂ ಅಲುಗಾಡಲಿಲ್ಲ. ಹಿಂದೆ ಹಿರಿಯರೊಂದಿಗೆ ಕೂಟಗಳಲ್ಲಿ ಮದ್ದಳೆ ನುಡಿಸುತ್ತಿದ್ದ ಮುದುಕರೊಬ್ಬರು ಮೂಲೆಯಲ್ಲಿ ಕುಳಿತಿದ್ದರು. ಅವರು ಚಿತ್ರ ಮುಗಿದ ಮೇಲೆ ಸ್ನೇಹಿತರನ್ನು ಬಳಿಗೆ ಕರೆದು, ತಮ್ಮ ಮನೆಯ ಅಟ್ಟದಲ್ಲಿ ಆ ಕಾಲದ ಹತ್ತೋ ಹನ್ನೆರಡೋ ಕ್ಯಾಸೆಟ್ಟುಗಳಿವೆಯೆಂದೂ, ಅವುಗಳಲ್ಲಿ ಯಾವ ಕೂಟವಿದೆಯೋ ನೆನಪಿಲ್ಲವೆಂದೂ, ಬೇಕಾದರೆ ಬಂದು ನೋಡಬಹುದೆಂದೂ ಹೇಳಿದರು.

ಮುಂದಿನ ಭಾನುವಾರ ನಾವು ಅಲ್ಲಿಗೆ ಹೋಗುವವರಿದ್ದೇವೆ. ನಮ್ಮ ಕೂಟ ಅಲ್ಲಿ ಸಿಗಬಹುದು, ಸಿಗದೆಯೂ ಹೋಗಬಹುದು. ಸಿಕ್ಕಿದ ಕ್ಯಾಸೆಟ್ಟುಗಳನ್ನು ಮಟ್ಟ ನೋಡಿ ವೇವ್‌ಗೆ ಇಳಿಸುತ್ತೇವೆ. ಎರಡು ಬೇರೆ ಬೇರೆ ಕಡೆ ಪ್ರತಿ ಇಡುತ್ತೇವೆ. ಆಮೇಲೂ ಕ್ಯಾಸೆಟ್ಟುಗಳನ್ನು ತೇವ ತಾಗದಂತೆ ಡಬ್ಬಿಯಲ್ಲಿ ಹಾಕಿ ಅವರ ಅಟ್ಟದಲ್ಲಿಯೇ ಇಟ್ಟು ಬರುತ್ತೇವೆ. ಓದುಗರ ಮನೆಯ ಅಟ್ಟದಲ್ಲಿಯೂ ಅಂಥದೊಂದು ಡಬ್ಬಿ ಇದ್ದೀತು. ಮನೆಗೆ ಸುಣ್ಣ ಬಳಿಸುವ ಮೊದಲು ಒಮ್ಮೆ ಅದನ್ನು ಇಳಿಸಿ ನೋಡುವುದೊಳ್ಳೆಯದು.